ಚಪ್ಪಾಳೆ ಒಂದೇ ಇರತಕ್ಕದ್ದು

ಗೃಹಸಂಗೀತ ಧ್ವನಿ-ದೃಶ್ಯ ಹೊಂದಾಣಿಕೆ ಇಲಾಖೆ
ಪಶ್ಚಿಮ ವಲಯ, ಬೆಂಗಳೂರು

ಸಂಖ್ಯೆ: ಗೃಸಂ/ಧ್ವದೃ/ಪವ/ಚಪ್ಪಾಳೆ/2025-26

ಸುತ್ತೋಲೆ

ವಿಷಯ: ಹಾಡನ್ನು ಒಂದು ಫೋನಿನಲ್ಲಿ, ಹಾಡುವವರನ್ನು ಇನ್ನೊಂದು ಫೋನಿನಲ್ಲಿ ಮುದ್ರಿಸಿ ಜೋಡಿಸುವಾಗ ಬಾಯಿಯೂ ಧ್ವನಿಯೂ ಒಟ್ಟಿಗೆ ಸಾಗುವಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: ಗೋವಿಂದರಾಜನಗರದ ಶ್ರೀಮತಿ ಜಯದೇವಿಯವರ ಮೌಖಿಕ ದೂರು (ಏರಿದ ಧ್ವನಿಯಲ್ಲಿ).

ಪ್ರಸ್ತಾವನೆ:

ಸದರಿ ಜಯದೇವಿಯವರ ಅಕ್ಕ ಶ್ರೀಮತಿ ಕಲಾವತಿಯವರು ಕೆಂಗೇರಿ ಉಪನಗರದಲ್ಲಿ ವಾಸವಾಗಿದ್ದು, ಅವರಿಗೆ ಇತ್ತೀಚೆಗೆ ಕಿವಿ ಮಂದವಾಗಿರುತ್ತದೆ. ಹಾಡುವವರ ಬಾಯಿ ನೋಡುತ್ತಾ ಕೇಳಿದರೆ ಮಾತ್ರ ಅವರಿಗೆ ಹಾಡು ತಿಳಿಯುತ್ತದೆ. ಅಕ್ಕನ ಹುಟ್ಟುಹಬ್ಬಕ್ಕೆಂದು ಜಯದೇವಿಯವರು ಒಂದು ಭಕ್ತಿಗೀತೆ ಹಾಡಿದ್ದು, ಪತಿ ಶ್ರೀ ಜಂಬಣ್ಣನವರು ಪಕ್ಕದಲ್ಲಿ ಕುಳಿತು ತಬಲ ನುಡಿಸಿ, ಮುದ್ರಣ ಹಾಗೂ ಜೋಡಣೆಯ ಹೊಣೆಯನ್ನೂ ತಾವಾಗಿಯೇ ವಹಿಸಿಕೊಂಡಿರುತ್ತಾರೆ.

ವಿಡಿಯೊ ತಲುಪಿದ ಕೂಡಲೇ ಕಲಾವತಿಯವರು ಕರೆ ಮಾಡಿ, "ಜಯಾ, ನೀನು ಬಾಯಿ ಮುಚ್ಚಿದ ಮೇಲೂ ಹಾಡು ಬರ್ತಾನೇ ಇದೆಯಲ್ಲೇ! ಯಾರ್ದೋ ಹಾಡಿಗೆ ಸುಮ್ನೆ ಬಾಯಾಡಿಸಿ ಕಳಿಸಿದ್ಯಾ?" ಎಂದು ವಿಚಾರಿಸಿರುತ್ತಾರೆ. ಇದರಿಂದ ಜಯದೇವಿಯವರಿಗೆ ತೀವ್ರ ನೋವುಂಟಾಗಿ, ಅಂದು ಮಧ್ಯಾಹ್ನ ಜಂಬಣ್ಣನವರಿಗೆ ಊಟವನ್ನು ಮಾತಿಲ್ಲದೆ ಬಡಿಸಲಾಗಿದೆ.

ಇಲಾಖೆಯ ಸಲಹೆಯಂತೆ ಎರಡನೇ ಬಾರಿ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿ ಹಾಡು ಆರಂಭಿಸಲಾಯಿತು. ಚಿತ್ರದಲ್ಲಿ ಕೈ ಸೇರುವ ಜಾಗಕ್ಕೆ ಚಪ್ಪಾಳೆಯ ಸದ್ದನ್ನು ಕೂಡಿಸಿದರೆ ಮುಂದಿನದೆಲ್ಲ ತಾನಾಗಿ ಹೊಂದುತ್ತದೆ. ಆದರೆ ಜಂಬಣ್ಣನವರ ಚಪ್ಪಾಳೆ ಕೇಳಿದ ಕೆಳಮನೆಯ ಶ್ರೀಮತಿ ಗುರವ್ವನವರು, ಹಾಡು ಮುಗಿಯಿತೆಂದು ಭಾವಿಸಿ, ಮೆಟ್ಟಿಲಲ್ಲಿ ನಿಂತು ಮೆಚ್ಚುಗೆಯಿಂದ ತಾವೂ ಒಂದು ತಟ್ಟಿರುತ್ತಾರೆ. ಜಂಬಣ್ಣನವರು ತಮ್ಮ ಕೈಗೆ ಗುರವ್ವನವರ ಸದ್ದನ್ನು ಜೋಡಿಸಿದ ಕಾರಣ, ಈ ಬಾರಿ ಜಯದೇವಿಯವರು ಬಾಯಿ ತೆರೆಯುವ ಮುನ್ನವೇ ಹಾಡು ಹೊರಟುಹೋಗಿದೆ.

ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪ್ರತಿ ಹಾಡಿಗೆ ಮುನ್ನ ಚಪ್ಪಾಳೆ ಒಂದೇ ಇರತಕ್ಕದ್ದು.

2. ಅಕ್ಕಪಕ್ಕದವರು ಮೆಚ್ಚುಗೆ ಸೂಚಿಸಬಯಸಿದಲ್ಲಿ ಹಾಡು ಮುಗಿಯುವವರೆಗೆ ತಲೆಯನ್ನು ಮಾತ್ರ ಆಡಿಸತಕ್ಕದ್ದು. ಜುಮುಕಿ ತೊಟ್ಟವರು ಅದನ್ನೂ ನಿಧಾನವಾಗಿ ಮಾಡತಕ್ಕದ್ದು.

3. ಚಪ್ಪಾಳೆಯ ಸಮಯದಲ್ಲಿ ಸೊಳ್ಳೆ ಹೊಡೆಯುವುದನ್ನು ನಿಷೇಧಿಸಲಾಗಿದೆ. ತಡೆಯಲಾಗದಿದ್ದಲ್ಲಿ, ಸತ್ತ ಸೊಳ್ಳೆಯನ್ನೇ ಅಧಿಕೃತ ಆರಂಭವೆಂದು ಪರಿಗಣಿಸತಕ್ಕದ್ದು.

4. ಒಗ್ಗರಣೆ, ಕುಕ್ಕರ್ ಹಾಗೂ ಸೀನುಗಳನ್ನು ಪಲ್ಲವಿಗೆ ಮುಂಚೆಯೇ ಮುಗಿಸಿಕೊಳ್ಳತಕ್ಕದ್ದು. ಅರ್ಧಕ್ಕೆ ನಿಂತ ಸೀನನ್ನು ಚರಣದಲ್ಲಿ ಮುಂದುವರಿಸಲು ಅವಕಾಶವಿರುವುದಿಲ್ಲ.

5. ಎಷ್ಟು ಹೇಳಿದರೂ ಚಪ್ಪಾಳೆ ತಟ್ಟುವ ನೆರೆಹೊರೆಯವರನ್ನು ಮೇಲಕ್ಕೆ ಕರೆದು, ಚಾಪೆ ಹಾಸಿ, ಕಾಫಿ ಕೊಟ್ಟು, ಚಪ್ಪಾಳೆಯ ಅಧಿಕಾರವನ್ನೇ ಅವರಿಗೆ ವಹಿಸತಕ್ಕದ್ದು.

ಸದರಿ ಸೂಚನೆಗಳನ್ನು ಮೊದಲಿಗೆ ಜಂಬಣ್ಣನವರ ಮನೆಯಲ್ಲೇ ಜಾರಿಗೊಳಿಸಲಾಯಿತು. ಗುರವ್ವನವರು ರೇಷ್ಮೆ ಸೀರೆ ಉಟ್ಟು ಬಂದು ಕ್ಯಾಮೆರಾದ ಮುಂದೆ ಒಂದೇ ಒಂದು ಚಪ್ಪಾಳೆ ತಟ್ಟಿದರು. ಜೋಡಣೆ ಸರಿಬಂದಿತು. ಕೆಂಗೇರಿಯಿಂದ ಕರೆ ಬರುವವರೆಗೆ ಜಯದೇವಿಯವರು ಕೈಯಲ್ಲಿ ಹಿಡಿದ ಫೋನನ್ನು ಕೆಳಗಿಟ್ಟಿರುವುದಿಲ್ಲ.

"ಈಗ ಸರಿಯಾಯ್ತು ಕಣೇ," ಎಂದು ಕಲಾವತಿಯವರು ಹೇಳಿದರು. "ಒಂದಕ್ಷರಾನೂ ಬಿಡದೆ ಕೇಳಿಸ್ತು. ನಿನ್ನ ಬಾಯಿ ನೋಡ್ಕೊಂಡು ನಾನೂ ಹಾಡ್ಬಿಟ್ಟೆ. ಹಾಡಿ ಎಷ್ಟ್ ದಿನ ಆಗಿತ್ತು!"

ಪತಿಯೂ ಕೇಳಲೆಂದು ಜಯದೇವಿಯವರು ಕೂಡಲೇ ಫೋನನ್ನು ಸ್ಪೀಕರ್‌ಗೆ ಹಾಕಿರುವುದನ್ನು ಇಲಾಖೆಯು ಗಮನಿಸಿದೆ.

"ಆದ್ರೆ ನಿಮ್ಮನೆಯೋರ ತಬಲ ಮಾತ್ರ ಇನ್ನೂ ಹಿಂದೇನೇ ಬೀಳ್ತಾ ಇದೆ. ಅದನ್ನೂ ಸ್ವಲ್ಪ ಮುಂದಕ್ಕೆ ತಳ್ಳೋಕೆ ಹೇಳೇ."

ಸ್ಪೀಕರ್‌ನಲ್ಲಿ ಇದನ್ನು ಕೇಳಿಸಿಕೊಂಡ ಜಂಬಣ್ಣನವರು ಗಟ್ಟಿಯಾಗಿ, "ತಳ್ಳಿದ್ರೆ ಬರಲ್ಲ ಅಕ್ಕಾ. ನಾನು ಬಾರ್ಸಿರೋದೇ ಹಂಗೆ," ಎಂದು ತಪ್ಪೊಪ್ಪಿಕೊಂಡಿರುತ್ತಾರೆ. ಜಯದೇವಿಯವರು ನಕ್ಕಿರುತ್ತಾರೆ. ಮನೆಯಲ್ಲಿ ಮಾತುಕತೆ ಪುನರಾರಂಭಗೊಂಡಿದೆ.

6. ವಾದಕರ ಕೈಯಲ್ಲೇ ಇರುವ ವಿಳಂಬವು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

(ಸಹಿ/-)
ಪಂಚಾಕ್ಷರಿ
ಉಪನಿರ್ದೇಶಕರು (ತುಟಿ ಚಲನೆ)

ಪ್ರತಿಗಳು:
1. ಶ್ರೀಮತಿ ಗುರವ್ವ, ಅಧಿಕೃತ ಚಪ್ಪಾಳೆ, ಕೆಳಮನೆ.
2. ಶ್ರೀಮತಿ ಕಲಾವತಿ, ಕೆಂಗೇರಿ ಉಪನಗರ: ಇನ್ನಷ್ಟು ಹಾಡುವ ಕೋರಿಕೆಯೊಂದಿಗೆ.
3. ಶ್ರೀ ಜಂಬಣ್ಣ: ಅಭ್ಯಾಸಕ್ಕಾಗಿ.
4. ಕಚೇರಿ ಕಡತಕ್ಕೆ. ಈ ಸುತ್ತೋಲೆಯ ಧ್ವನಿಯನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು.