ನೋಡಬಾರದ ಫೈಲು

ವಕಾರ್ ಮೇಷ್ಟ್ರ ಫೈಲನ್ನು ಆ ದಿನ ಯಾರೂ ನೋಡಬಾರದಿತ್ತು. ಪಕ್ಕದ ಮನೆಯ ಅಂಬಮ್ಮ ನೋಡಿಬಿಟ್ಟರು.

ವಕಾರ್ ಕಮಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಪರಮಾಣುವನ್ನು ಮತ್ತೆ ಮತ್ತೆ ಅಳೆದು ನೋಡುತ್ತಿದ್ದರೆ ಅದು ಸ್ಥಿತಿ ಬದಲಿಸದೆ ಇದ್ದಲ್ಲೇ ಉಳಿಯುತ್ತದೆ ಎಂಬ ಕ್ವಾಂಟಮ್ ವಿಚಿತ್ರವನ್ನು ಒಂಬತ್ತು ವರ್ಷದಿಂದ ಹೇಳಿಕೊಡುತ್ತಿದ್ದರು. ಒಬ್ಬ ಹುಡುಗನಿಗೂ ಅರ್ಥವಾಗಿರಲಿಲ್ಲ. ಈಗ ಅದೇ ವಿಷಯದ ಸಂಶೋಧನೆಗೆ ಹೈದರಾಬಾದಿನ ಪ್ರಯೋಗಾಲಯವೊಂದು ಕರೆದಿತ್ತು. ಎರಡು ವರ್ಷದ ರಜೆಗೆ ಸೇಡಂ ರಸ್ತೆಯ ಕಚೇರಿಯ ಸಾಹೇಬರ ಸಹಿ ಬೇಕು. ಅದಕ್ಕೆ ಇವತ್ತೇ ಕಡೆಯ ದಿನ.

ಆ ಕಚೇರಿಯ ಕಟ್ಟಿನಲ್ಲಿ ಯಾವಾಗಲೂ ಏಳು ಫೈಲು. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಯಾರಾದರೂ ವಿಚಾರಿಸಿದರೆ ಗುಮಾಸ್ತ ಮಕ್ಸೂದ್ ಅವರ ಫೈಲನ್ನು ಎಳೆದು, ಧೂಳು ಕೊಡವಿ, ತೆರೆದು ತೋರಿಸಿ, ಮರ್ಯಾದೆಯಿಂದ ತಳಕ್ಕೆ ಇಡುತ್ತಿದ್ದ. ಸಾಹೇಬರು ಸಂಜೆ ನಾಲ್ಕೂವರೆಗೆ ಬಂದು ಎಲ್ಲಕ್ಕಿಂತ ಮೇಲಿನ ಒಂದೇ ಒಂದಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ವಕಾರ್ ಒಂದು ತಿಂಗಳು ದಿನಾ ಹೋಗಿ ವಿಚಾರಿಸಿದರು. ಫೈಲು ತಳ ಬಿಡಲಿಲ್ಲ. ಆಮೇಲೆ ಜ್ವರ ಬಂದು ಆರು ದಿನ ಮಲಗಿದಾಗ ಅದು ತಾನಾಗಿಯೇ ಮೇಲೇರಿ ಕೂತಿದೆ ಎಂದು ಮಕ್ಸೂದನೇ ಫೋನಿನಲ್ಲಿ ತಿಳಿಸಿದ! ತನ್ನ ಪಾಠ ತನಗೇ ಹೊಳೆಯದ್ದಕ್ಕೆ ಮೇಷ್ಟ್ರಿಗೆ ನಾಚಿಕೆಯಾಯಿತು. ಇವತ್ತು ಬೇಕೆಂದೇ ಕಮಲಾಪುರದಲ್ಲಿ ಉಳಿದರು.

ಎರಡು ಗಂಟೆಗೆ ಮಕ್ಸೂದ್ ಫೋನ್ ಮಾಡಿದ.

"ಭಾಯ್, ನಿಮ್ಮ ಫೈಲ್ ತಳಕ್ಕ ಹೋಯ್ತ್ರಿ. ಯಾರೋ ಅಂಬಮ್ಮ ಅಂತ, ಐದು ಮಂದಿ ಹೆಣ್ಮಕ್ಕಳನ್ನ ಕರ್ಕೊಂಡು ಬಂದಾರ. ನಮ್ಮ ಮೇಷ್ಟ್ರ ಫೈಲ್ ಎಲ್ಲಿ ಅದ ತೋರ್ಸು ಅಂದ್ರು."

"ತೋರ್ಸಿ ಮತ್ತ ಮ್ಯಾಲೇ ಇಡ್ಬೇಕಿಲ್ಲೇನ್ರಿ?"

"ಹ್ಯಾಂಗ ಇಡಾಕ ಬರ್ತದ್ರಿ? ಹೊರಗ ತೆಗೆದದ್ದು ತಳಕ್ಕೇ ಹೋಗ್ಬೇಕು. ಕಾಯ್ದೆ ಅದ."

ವಕಾರ್ ಸಿಕ್ಕ ಬಸ್ಸು ಹತ್ತಿದರು. ಯಾರೋ ಪುಣ್ಯಾತ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಅವರ ತೊಡೆಯ ಮೇಲಿಟ್ಟು ಟಿಕೆಟ್ ಹುಡುಕುತ್ತಿದ್ದ. ಇಳಿಯುವ ಗಡಿಬಿಡಿಯಲ್ಲಿ ಮೇಷ್ಟ್ರು ಆ ಹಣ್ಣನ್ನೂ ಅಪ್ಪಿಕೊಂಡೇ ಓಡಿದರು. ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ.

"ಬಾ ತಮ್ಮಾ," ಎಂದು ಅಂಬಮ್ಮ ಹಿಗ್ಗಿದರು. "ನಾವೆಲ್ಲ ನಿಂತು ಕಣ್ಣಾರೆ ನೋಡೇವಿ. ಫೈಲ್ ಚಂದ ಅದ."

ಅಳಬೇಕೋ ನಗಬೇಕೋ ತಿಳಿಯದೆ ಕೂತ ಮೇಷ್ಟ್ರಿಗೆ ಥಟ್ಟನೆ ಬುದ್ಧಿ ಓಡಿತು. ನೋಡಿದ್ದು ತಳಕ್ಕೆ ಹೋಗುವುದಾದರೆ, ನೋಡಿ ನೋಡಿಯೇ ಮೇಲಿನವನ್ನೆಲ್ಲ ಇಳಿಸಬಹುದಲ್ಲ! ಅಳತೆಯಿಂದಲೇ ನಿಯಂತ್ರಣ, ಪುಸ್ತಕದಲ್ಲಿ ಅದೂ ಒಂದು ಅಧ್ಯಾಯವಿತ್ತು.

"ಅಂಬಮ್ಮಾರ, ನಂದು ಬಿಡ್ರಿ. ಮ್ಯಾಲಿನ ಆರು ಫೈಲ್ ಒಬ್ಬೊಬ್ರು ಒಂದೊಂದು ಕೇಳ್ರಿ."

"ನಿಂದು ನೋಡಿದ್ರ ಕೆಡ್ತದ, ಬ್ಯಾರೇರದು ನೋಡಿದ್ರ ನಿನಗ ಚಲೋ ಆಗ್ತದ? ತಮ್ಮಾ, ಜ್ವರ ಪೂರಾ ಇಳದಾವಿಲ್ಲೋ?"

ಆದರೂ ಕೇಳಿದರು. ಮಕ್ಸೂದ್ ಒಂದೊಂದನ್ನೇ ಎಳೆದ, ಕೊಡವಿದ, ತೋರಿಸಿದ, ತಳಕ್ಕಿಟ್ಟ. ಆರನೆಯದಾಗಿ, ಅಂಬಮ್ಮನ ಜೊತೆ ಬಂದಿದ್ದ ಕಸ್ತೂರಿಬಾಯಿ ಕೇಳಿದ್ದು ಶಹಾಬಜಾರದ ಮರೆಪ್ಪ ಮೇಷ್ಟ್ರ ರಜೆ ಅರ್ಜಿ. ಪಾಪ, ಅವರು ಮೂರು ವರ್ಷ ದಿನಾ ಬಂದು ವಿಚಾರಿಸಿ ಮೊನ್ನೆ ನಿವೃತ್ತರಾಗಿದ್ದರು. ಅದೂ ತಳಕ್ಕೆ ಹೋಯಿತು. ವಕಾರ್ ಫೈಲು ಮದುಮಗನಂತೆ ಮೇಲೆ ಕೂತಿತು.

ನಾಲ್ಕೂವರೆಗೆ ಸಾಹೇಬರು ಬಂದರು. ಪೆನ್ನು ತೆರೆದವರು ಹೆಂಗಸರನ್ನು ಕಂಡು ನಿಂತರು.

"ಇವ್ರು ಯಾರ್ರಿ?"

"ಫೈಲ್ ವಿಚಾರ್ಸಾಕ ಬಂದಾರ್ರಿ."

"ಅವ್ರ ಫೈಲ್ ಎಲ್ಲಿ ಅವ?"

"ತಳಕ್ರಿ."

"ಬಿಸಿಲಾಗ ಬಂದು ಕೇಳಿದವ್ರದು ತಳಕ್ಕ, ಯಾರೂ ಕೇಳದ್ದು ಮ್ಯಾಲ? ಏನ್ ನಡಸೀರಿ ಇಲ್ಲಿ?" ಎಂದು ಗದರಿ, ಸಾಹೇಬರು ಇಡೀ ಕಟ್ಟನ್ನು ಬೋರಲು ಹಾಕಿದರು. ಮೇಲೆ ಬಂದದ್ದಕ್ಕೆ ಸಹಿ ಬಿತ್ತು. ನಿವೃತ್ತ ಮರೆಪ್ಪನವರಿಗೆ ರಜೆ ಮಂಜೂರಾಯಿತು.

"ಸಾರ್, ನಂದು! ನನ್ನ ಫೈಲ್ ನೋಡ್ರಿ!" ಎಂದು ವಕಾರ್ ಹಣ್ಣಿನ ಚಿಪ್ಪಿನ ಸಮೇತ ಮುಂದೆ ನುಗ್ಗಿದರು. ಸಾಹೇಬರು ಆಗಲೇ ಜೀಪು ಹತ್ತಿದ್ದರು. ಕೇಳಿಸಿದ್ದು ಮಕ್ಸೂದನಿಗೆ ಮಾತ್ರ. ಅವನು ತಳದಿಂದ ಫೈಲು ಎಳೆದ, ಧೂಳು ಕೊಡವಿದ, ತೆರೆದು ತೋರಿಸಿದ, ಮತ್ತೆ ತಳಕ್ಕೆ ಇಟ್ಟ.

ಅಂಬಮ್ಮ ಹಣ್ಣು ಸುಲಿಯುತ್ತ ಸಮಾಧಾನ ಹೇಳಿದರು: "ಚಿಂತಿ ಮಾಡಬ್ಯಾಡ ತಮ್ಮಾ. ಇನ್ನ ಮ್ಯಾಲ ದಿನಾ ನಾನೇ ಬಂದು ನೋಡ್ಕೊಂಡು ಹೋಗ್ತೇನಿ."