ಕಾಣದ ಫಿಲ್ಲಿಂಗು

ಎಲ್ಲಕ್ಕೂ ಕಾರಣ ಜಯಮ್ಮ ಆಂಟಿಯ ಹುಳುಕು ದವಡೆಹಲ್ಲಿಗೆ ಸಿಕ್ಕಿಕೊಂಡ ಚಕ್ಕುಲಿ ಚೂರು.

ದಾವಣಗೆರೆಯ ಹರಿಪ್ರಸಾದ ಪರದೇಶದ ಜಾನ್ಸನ್‌ವಿಲ್ ಎಂಬ ಊರಿನ ಹಲ್ಲಿನ ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ್ದ. "ಈ ತಿಂಗಳೊಳಗೆ ನಿನ್ನದೇ ಪೇಷಂಟುಗಳು ಬಂದರೆ ಕೆಲಸ ಖಾಯಂ" ಎಂದಿದ್ದ ಯಜಮಾನ. ತಿಂಗಳು ಮುಗಿಯುತ್ತಾ ಬಂದರೂ ಪೇಷಂಟಿನ ಕುರ್ಚಿಯಲ್ಲಿ ಹರಿಪ್ರಸಾದನೇ ಕೂರುತ್ತಿದ್ದ. ಶನಿವಾರ ಬೆಳಿಗ್ಗೆ ಆಂಟಿ ಕೆನ್ನೆ ಹಿಡಿದು ಬಂದಾಗ ಅವನಿಗೆ ಸಾಕ್ಷಾತ್ ದೇವಿಯೇ ಬಂದಂತಾಯಿತು. ಆಂಟಿ ಮೆಚ್ಚಿದರೆ ಊರಿನ ಕನ್ನಡದವರೆಲ್ಲ ಮೆಚ್ಚಿದಂತೆ.

"ಹಲ್ಲಿನ ಬಣ್ಣದ ಫಿಲ್ಲಿಂಗೇ ಹಾಕ್ತೀನ್ರಿ ಆಂಟಿ. ಆದ್ರೆ ಒಂದು ಹನಿ ಎಂಜಲೂ ತಾಗಬಾರ್ದು. ಮಾತಾಡಂಗಿಲ್ಲ ನೋಡ್ರಿ."

"ನಾನೆಲ್ಲಪ್ಪ ಮಾತಾಡ್ತೀನಿ? ಮೊನ್ನೆ ನಮ್ಮ ಅರುಂಧತಿ..."

ಹರಿಪ್ರಸಾದ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಲ್ಲೊಂದನ್ನೇ ಹೊರಗಿಟ್ಟು ಬಾಯಿಗೆ ರಬ್ಬರ್ ಹಾಳೆ ಬಿಗಿದ. ಹುಳುಕು ಕೊರೆದು, ಪಕ್ಕದ ಹಲ್ಲಿಗೆ ಅಂಟದಂತೆ ನಡುವೆ ತೆಳು ಲೋಹದ ಪಟ್ಟಿ ತೂರಿಸಿದ. ಒಮ್ಮೆಗೇ ತುರುಕಿದರೆ ಕುಗ್ಗಿ ಸಂದು ಬಿಡುತ್ತದೆಂದು ಪದರ ಪದರವಾಗಿ ಮೆತ್ತಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದ. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ, ಎತ್ತರ ಸರಿಮಾಡಿ ಉಜ್ಜಿದಾಗ, ಹಲ್ಲೆಲ್ಲಿ ಫಿಲ್ಲಿಂಗೆಲ್ಲಿ ಎಂದು ಅವನಿಗೇ ತಿಳಿಯಲಿಲ್ಲ.

ಅದೇ ಮುಳುವಾಯಿತು.

ಸಂಜೆ ಆಂಟಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ; ಹರಿಪ್ರಸಾದನೂ ಹೋಗಿದ್ದ. ಪ್ರಸಾದಕ್ಕೆ ಮೊದಲೇ ಬಂದವರೆಲ್ಲ ಟಾರ್ಚ್ ಹಿಡಿದು ಆಂಟಿಯ ಬಾಯಿಯ ದರ್ಶನ ಪಡೆದರು.

"ಏನೂ ಇಲ್ವಲ್ರೀ!" ಎಂದರು ಆಂಟಿಯ ಗೆಳತಿ ಅರುಂಧತಿ. "ನಂದು ನೋಡಿ, ಮೈಸೂರಲ್ಲಿ ಹಾಕ್ಸಿದ ಸಿಲ್ವರ್ ಫಿಲ್ಲಿಂಗು. ಆಕಳಿಸಿದ್ರೂ ಕಾಣುತ್ತೆ!"

ಪಕ್ಕದ ಮನೆಯ ಉದಯಶಂಕರ್ ಹುಬ್ಬೇರಿಸಿದರು. "ಏನಪ್ಪ, ಬಾಯಿಗೆ ರಬ್ಬರ್ ಕಟ್ಟಿ ಬರೀ ಲೈಟ್ ಬಿಟ್ಟು ಕಳಿಸಿದ್ಯಾ?"

"ಅಯ್ಯೋ, ಕಾಣಬಾರ್ದು ಅಂತ್ಲೇ ಹಂಗ್ ಮಾಡೋದ್ರಿ ಸಾರ್!" ಎಂದ ಹರಿಪ್ರಸಾದ. ಖಾಯಂ ಕೆಲಸ ಕಣ್ಣೆದುರೇ ಕೈಜಾರುತ್ತಿತ್ತು.

ಆಂಟಿಗೆ ರೇಗಿಹೋಯಿತು. ಒಂದು ಚಕ್ಕುಲಿ ಎತ್ತಿ ಅದೇ ಹಲ್ಲಿಗೆ ಕೊಟ್ಟರು. ಕಟುಂ! ಎಲ್ಲರೂ ಕತ್ತು ಚಾಚಿದರು.

"ಒಂಚೂರೂ ನೋವಿಲ್ಲ ಕಣ್ರೇ!"

ಕೂಡಲೇ ಎಲ್ಲರೂ ಕ್ಲಿನಿಕ್ಕಿನ ನಂಬರು ಬರೆದುಕೊಂಡರು. ಹರಿಪ್ರಸಾದ ಎರಡೆರಡು ಸಲ ಸಜ್ಜಿಗೆ ಹಾಕಿಸಿಕೊಂಡ.

ಮನೆ ಸೇರುವಷ್ಟರಲ್ಲಿ ಯಜಮಾನನ ಫೋನು. "ಭೇಷ್! ನಿಮ್ಮವರು ಆರು ಜನ ಫೋನ್ ಮಾಡಿದ್ದರು. ನಿನ್ನದು ಗಟ್ಟಿಯೇ ಅಂತೆ, ಆದರೆ ಹಾಕಿಸಿದ್ದು ನಾಲ್ಕು ಜನಕ್ಕೆ ಕಾಣಬೇಕಂತೆ. ಎಲ್ಲರಿಗೂ ಸಿಲ್ವರ್ರೇ ಬೇಕು. ಅದು ನನ್ನ ಕೈಕೆಲಸ. ಸೋಮವಾರ ನನ್ನ ಪಕ್ಕ ನಿಂತು ಎಂಜಲು ಹೀರುವ ಕೊಳವೆ ಹಿಡಿದುಕೋ. ಖಾಯಂ ಮಾತು ಮುಂದಿನ ತಿಂಗಳು ನೋಡೋಣ."

ಹರಿಪ್ರಸಾದ ತಲೆಮೇಲೆ ಕೈಹೊತ್ತು ಕೂತ. ಮತ್ತೆ ಫೋನು ಬಡಿದುಕೊಂಡಿತು. ಈ ಸಲ ಆಂಟಿ.

"ಹರೀ, ಆ ಕಡೆ ಹಲ್ಲೂ ಜುಂ ಅಂತಿದೆ ಕಣಪ್ಪ. ಅದಕ್ಕೂ ನೀನೇ ಹಾಕು, ಬಿಳೀದೇ. ಅವರಿಗೆ ಕಾಣದಿದ್ರೆ ಬಿಡ್ಲಿ, ಚಕ್ಕುಲಿ ತಿನ್ನೋಳು ನಾನಲ್ವಾ?"