ಮಣ್ಣಿಗೆ ಜ್ವರ ನೋಡುವ ಮಾವ

ಮಣ್ಣು ಪರೀಕ್ಷೆಯ ಆಫೀಸರ ದನಿಯಲ್ಲಿ ನನ್ನ ಸೋದರಮಾವನಿಗೆ ಸುಳ್ಳು ಫೋನ್ ಮಾಡಿದ ಕಿಡಿಗೇಡಿ ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೇಷ್ಟ್ರು, ಬಸ್ ಕಂಡಕ್ಟರು, ನೆಗಡಿಯಾದಾಗಿನ ನಾನು, ಹೀಗೆ ಎಲ್ಲರ ದನಿಯನ್ನೂ ಅಣಕಿಸುತ್ತಿದ್ದವನಿಗೆ ಮಾವ ಸಿಕ್ಕಿದ್ದು ಹಬ್ಬದೂಟ. ಯಾಕೆನ್ನುತ್ತೀರಾ? ಅವರು ಮನುಷ್ಯರ ಕ್ಷೇಮ ವಿಚಾರಿಸುವ ಪೈಕಿಯೇ ಅಲ್ಲ. ಅವರ ನೆಂಟಸ್ತಿಕೆಯೆಲ್ಲ ಮಣ್ಣಿನ ಜೊತೆ.

ಸಕಲೇಶಪುರದ ಕಾಲೇಜಿಗೆ ಹೋಗಲೆಂದು ನಾನು ಮಾರನಹಳ್ಳಿಯ ಅವರ ಮನೆಯಲ್ಲಿದ್ದೆ. ಅವರ ನಾಲ್ಕು ಎಕರೆ ಕಾಫಿ ತೋಟದಲ್ಲಿ ಒಂದು ಎಕರೆ ಹೆದ್ದಾರಿಗೆ ಅಂಟಿಕೊಂಡಿತ್ತು. ಶಿರಾಡಿ ಘಾಟಿ ಹತ್ತುವ ಲಾರಿಗಳೆಲ್ಲ ಕೊನೆಯ ಏರಿನಲ್ಲಿ ಅಲ್ಲೇ ಹೊಗೆ ಕಕ್ಕುತ್ತಿದ್ದವು. ಆ ಎಕರೆಯ ಮಣ್ಣು ಸಾಯುತ್ತಿದೆ ಎಂಬುದು ಮಾವನ ಗುಮಾನಿ. ಊಟಕ್ಕೆ ಕೂತರೆ ಸಾಕು, ಶುರು.

“ಮಳೆ ಮೊದ್ಲಿನಂಗೆ ಜಿಟಿಜಿಟಿ ಹಿಡಿಯಲ್ಲ ಕಣೋ. ಒಂದೇ ದಿನ ಸುರಿದು ಮೇಲಿನ ಕಪ್ಪು ಮಣ್ಣೆಲ್ಲ ತೊಳ್ಕೊಂಡ್ ಹೋಗ್ಬುಡ್ತದೆ. ಉಳಿದಿದ್ರ ಮೇಲೆ ಈ ಹೊಗೆ ಬಿದ್ದು ಹುಳಿ ಏರ್ತಾ ಐತೆ. ಸುಣ್ಣ ಹಾಕ್ಬೇಕು, ತರಗೆಲೆ ಮುಚ್ಬೇಕು, ರಸ್ತೆ ಅಂಚಿಗೆ ಮರ ಎಬ್ಬಿಸ್ಬೇಕು.”

ನಾವು ಸಾರು ಬಡಿಸಿಕೊಳ್ಳುತ್ತಿದ್ದೆವು.

ಒಂದು ಬೇಸಿಗೆಯಲ್ಲಿ, ನೆಲ ಕಾಯುವುದು ಹೆಚ್ಚಾಗಿದೆಯೆಂದು, ಮನೆಯ ಜ್ವರದ ಥರ್ಮಾಮೀಟರನ್ನೇ ತೋಟದಲ್ಲಿ ಊರಿದರು. ಪಾದರಸ ಮೇಲೇಳಲಿಲ್ಲ.

“ಸದ್ಯ, ಜ್ವರ ಇಲ್ಲ,” ಎಂದರು.

“ನನ್ ಹಣೆ ಒಂದಿನ ಮುಟ್ಟಿ ನೋಡಿಲ್ಲ ಈ ಮಾರಾಯ,” ಎಂದರು ಅತ್ತೆ.

ಮರುವಾರ ಜ್ವರ ಬಂದದ್ದು ನನಗೆ. ಅದೇ ಥರ್ಮಾಮೀಟರು, ನನ್ನ ನಾಲಗೆಯಡಿ. ಮಣ್ಣಿಗೆ ಹುಳಿ ಏರಿದೆ ಎಂದು ಮಾವ ಹೇಳುತ್ತಿದ್ದುದು ಸುಳ್ಳಲ್ಲ ಎಂದು ಅವತ್ತೇ ಗೊತ್ತಾಯಿತು!

ಇನ್ನೊಂದು ದಿನ ಏರಿನಲ್ಲಿ ತೆವಳುತ್ತಿದ್ದ ಲಾರಿಯನ್ನು ತಡೆದು ನಿಲ್ಲಿಸಿದರು.

“ಹೊಗೆ ಬುಡ್ದೆ ಹತ್ಸಯ್ಯ.”

“ಹಂಗಾದ್ರೆ ಹಿಂದ್ಗಡೆಯಿಂದ ತಳ್ಳಿ ಸಾಹುಕಾರ್ರೇ,” ಎಂದ ಡ್ರೈವರ್.

ನಮ್ಮ ಮಾವ ನಿಜಕ್ಕೂ ತಳ್ಳಿದರು. ಮನೆಗೆ ಬಂದಾಗ ಅತ್ತೆಗೆ ಗುರುತು ಸಿಕ್ಕಿದ್ದು ಹಲ್ಲಿನಿಂದ.

ಅಷ್ಟರಲ್ಲಿ ಯಾರೋ ಆ ಎಕರೆಯನ್ನು ಪಂಕ್ಚರ್ ಅಂಗಡಿಗೆ ಕೇಳಿಕೊಂಡು ಬಂದರು. ಗಿಡ ಒಣಗುತ್ತಿದೆ, ಕೊಟ್ಟುಬಿಡಿ ಎಂದು ಅತ್ತೆಯ ಹಟ. ಮಣ್ಣು ಪರೀಕ್ಷೆಯ ವರದಿ ಬರಲಿ, ಆಮೇಲೆ ನೋಡೋಣ ಎಂದು ಮಾವ ಒಂದು ಚೀಲ ಮಣ್ಣು ಕಳಿಸಿ ಕಾದರು. ತಿಂಗಳುಗಳು ಹೋದವು. ಪೋಸ್ಟ್‌ಮನ್ ಇವರನ್ನು ಕಂಡರೆ ಸೈಕಲ್ ತಿರುಗಿಸಿಕೊಳ್ಳುವಂತಾಯಿತು.

ಆಗ ನಾನು ಸಕಲೇಶಪುರದ ಎಸ್‌ಟಿಡಿ ಬೂತ್ ಹೊಕ್ಕೆ. ಬಾಯಿಗೆ ಕರ್ಚೀಫು, ಮೂಗಿನಲ್ಲಿ ಆಫೀಸರು.

“ನಿಮ್ಮ ಮಣ್ಣಿನ ರಿಪೋರ್ಟ್ ಬಂದಿದೆ ಕಣ್ರೀ.”

ದಿನಾ ಸಂಜೆ ಮಣ್ಣಿಗೆ ಜೋಗುಳ ಹಾಡಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಮಾವನ ದನಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಹಾಗೆ: “ಬದುಕ್ತದಾ ಸಾರ್?”

ಜೋಗುಳವನ್ನು ಅಲ್ಲೇ ಕೈಬಿಟ್ಟೆ. ಏನಾದರೂ ಹೇಳಬೇಕಲ್ಲ? ಬಾಯಿಗೆ ಬಂದದ್ದನ್ನು ಒದರಿದೆ. “ಬದುಕುತ್ತೆ. ಸುಣ್ಣ ಹಾಕಿ. ತರಗೆಲೆ ಮುಚ್ಚಿ. ರಸ್ತೆ ಅಂಚಿಗೆ ಮರ ಎಬ್ಬಿಸಿ.” ಗಡಿಬಿಡಿಯಲ್ಲಿ ಫೋನ್ ಇಟ್ಟು ಓಡಿದೆ.

ಸಂಜೆ ಮನೆಗೆ ಬಂದರೆ ಮಾವ ಆಗಲೇ ಪಂಕ್ಚರ್ ಅಂಗಡಿಯವನನ್ನು ಸಾಗಹಾಕಿದ್ದರು. ಹೇಳಿದ್ದಷ್ಟನ್ನೂ ಮಾಡಿದರು. “ಆಫೀಸರೇ ಹೇಳವ್ರೆ” ಎಂದು ಟೀ ಅಂಗಡಿಯಲ್ಲಿ ಅವರು ಎದೆಯುಬ್ಬಿಸಿದಾಗಲೆಲ್ಲ ನಾನು ನನ್ನ ಲೋಟದೊಳಗೇ ಮುಖ ಮುಚ್ಚಿಕೊಳ್ಳುತ್ತಿದ್ದೆ.

ನಾಲ್ಕೈದು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಅದೇ ಎಕರೆಯಲ್ಲಿ ಗುದ್ದಲಿ ಹಾಕಿ, ಅಂಗೈ ತುಂಬ ಎರೆಹುಳು ಹಿಡಿದು, ಮೊಮ್ಮಕ್ಕಳನ್ನು ತೋರಿಸುವವರಂತೆ ನನ್ನ ಮುಂದೆ ಚಾಚಿದರು. ಇನ್ನು ತಡೆಯಲಾಗಲಿಲ್ಲ.

“ಮಾವ, ಅವತ್ತು ಫೋನ್ ಮಾಡಿದ್ದು ಆಫೀಸರಲ್ಲ. ನಾನು.”

ಮಾವ ಹುಳುಗಳನ್ನು ಒಂದೊಂದಾಗಿ ಮಣ್ಣಿಗೆ ಬಿಟ್ಟು ಕೈ ಕೊಡವಿಕೊಂಡರು.

“ಯಾವ ಆಫೀಸರು ‘ಇಡ್ತೀನಿ ಮಾವ’ ಅಂದು ಫೋನ್ ಇಡ್ತಾನೋ? ನಾನು ಊಟಕ್ಕೆ ಕೂತು ಬಡ್ಕೊಂಡಿದ್ದನ್ನ ಒಬ್ನಾದ್ರೂ ಕೇಳಿಸ್ಕೊಂಡಿದ್ನಲ್ಲ ಅಂತ ಅವತ್ತು ಎರಡು ತುತ್ತು ಜಾಸ್ತಿ ಉಂಡೆ ಕಣೋ.”